ಭಾವನ ಅಂಗಿಯ ಮರಣವಾರ್ತೆ

ಅಕ್ಕಾ,

ಭಾವನಿಗೆ ಸಕಲ ಮರ್ಯಾದೆಯೊಂದಿಗೆ ತಿಳಿಸು: ಅವರು ಕೊಟ್ಟ ಬಿಳಿ ಅಂಗಿ ನಿನ್ನೆ ಆಫೀಸಿನಲ್ಲಿ ವೀರಮರಣವನ್ನಪ್ಪಿತು. ಕಾಲರಿನ ಗುಂಡಿ ಹಾಕಿದರೆ ನನಗೆ ಉಸಿರಾಡಲಾಗುತ್ತಿರಲಿಲ್ಲ, ಬಿಚ್ಚಿದರೆ ಮ್ಯಾನೇಜರು ಬಿಡುತ್ತಿರಲಿಲ್ಲ. ಅದಕ್ಕೇ ಬೆನ್ನನ್ನು ಕಾಲರಿನಿಂದ ಸೊಂಟದವರೆಗೆ ಕತ್ತರಿಸಿ, ಮೇಲೆ ಕೋಟು ಹಾಕಿ, ಮೂರು ವಾರ ಮಹಾರಾಜನಂತೆ ಕೂತಿದ್ದೆ. ನಿನ್ನೆ ಫ್ಯಾನು ಕೆಟ್ಟಿತು. "ಪಾಪ, ಬೆವರ್ತಿದ್ದೀಯಲ್ಲೋ!" ಎಂದು ಮ್ಯಾನೇಜರೇ ಅಕ್ಕರೆಯಿಂದ ಕೋಟು ಬಿಚ್ಚಿದರು. ಎಲ್ಲರೂ ನಕ್ಕರು, ಅವರೊಬ್ಬರು ನಗಲಿಲ್ಲ. "ನಾಳೆಯಿಂದ ಬರ್ಬೇಡಪ್ಪ, ನಾಟಕದ ಕಂಪನಿ ಸೇರ್ಕೋ" ಎಂದರು.

ಕಾಲರು ಉಜ್ಜಿ ಆಗಿದ್ದ ಕುತ್ತಿಗೆಯ ಗಾಯ ಮಾಗಿದೆ, ಊಟ ಮಾತ್ರ ಸೇರುತ್ತಿಲ್ಲ. ಅಮ್ಮನಿಗೆ ಹೇಳಬೇಡ ಎನ್ನೋಣವೆಂದರೆ ಇದು ಕಾರ್ಡು, ಪೋಸ್ಟ್‌ಮ್ಯಾನ್ ಆಗಲೇ ಓದಿ ಹೇಳಿರುತ್ತಾನೆ. ಅಮ್ಮ ಅಳುತ್ತಿದ್ದರೆ ಸ್ವಲ್ಪ ಪಕ್ಕದಲ್ಲಿ ಕೂತುಕೋ.

ಜಾಗ ಮುಗಿಯಿತು.
ನಿನ್ನ ತಮ್ಮ