ಅಭ್ಯಾಸದ ಎರಡು ಪ್ರಶ್ನೆಗಳು

ಮಾರ್ಚ್ ೪, ಮಧ್ಯಾಹ್ನ

ಪ್ರೀತಿಯ ಚೂಟಿ,

ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ ಎಂದು ಕೇಳಿ ಶುರು ಮಾಡಬೇಕಿತ್ತು. ಇವತ್ತು ಅದಕ್ಕೆ ಮನಸ್ಸಿಲ್ಲ. ನಿನ್ನೆ ನೀನು ಫೋನಿನಲ್ಲಿ ಹೇಳಿದ್ದೇ ತಲೆಯಲ್ಲಿದೆ. ಕಲ್ಲುಗಣಿ ಕಾಲೋನಿಯ ಮಕ್ಕಳನ್ನು ಬೇರೆ ತರಗತಿಯಲ್ಲಿ ಕೂರಿಸಿ, ಗಣಿತ ಕಡಿಮೆ ಕಲಿಸಬೇಕೆಂದು ನೀನು ಪಾಠ ಮಾಡುವ ಶಾಲೆಯ ಸಮಿತಿ ಶುಕ್ರವಾರ ತೀರ್ಮಾನಿಸಲಿದೆ. ಅದಕ್ಕೆ ಆಧಾರ, ನಾನು ಸಹಾಯಕಿಯಾಗಿದ್ದ ಪ್ರೊಫೆಸರರ ಹಳೆಯ ಬುದ್ಧಿಮಾಪನ ವರದಿ. ನೀನೇ ಮಾಡಿದ ಪರೀಕ್ಷೆ ಅಲ್ವಾ ಅಮ್ಮಾ, ಅದು ಹೇಗೆ ತಪ್ಪಾಗುತ್ತೆ ಎಂದು ನೀನು ಕೇಳಿದೆ. ಒಲೆ ಮೇಲೆ ಹಾಲಿದೆ ಎಂದು ನಾನು ಫೋನಿಟ್ಟೆ. ಹಾಲೂ ಇರಲಿಲ್ಲ, ಒಲೆಯೂ ಹಚ್ಚಿರಲಿಲ್ಲ.

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಪಟ್ಟಣದ ಶಾಲೆಯಲ್ಲಿ ಪ್ರತಿ ಮಗುವಿಗೂ ಮೊದಲು ಅಭ್ಯಾಸಕ್ಕೆಂದು ಎರಡು ಪ್ರಶ್ನೆ ಕೊಟ್ಟು, ಅರ್ಥವಾಯಿತೇ ಎಂದು ಕೇಳಿ, ಆಮೇಲೆ ಗಡಿಯಾರ ಒತ್ತುತ್ತಿದ್ದೆ. ಕಾಲೋನಿಯಲ್ಲಿ ಎರಡೇ ದಿನಕ್ಕೆ ಅರವತ್ತು ಮಕ್ಕಳನ್ನು ಮುಗಿಸಬೇಕಿತ್ತು. ಅಭ್ಯಾಸದ ಪ್ರಶ್ನೆಗಳನ್ನು ಹಾರಿಸಿದೆ. ನಮೂನೆಯಲ್ಲಿ ಮಾತ್ರ ಕೊಟ್ಟಿದ್ದೇನೆ ಎಂದೇ ಗುರುತು ಹಾಕಿದೆ. ಬಣ್ಣದ ಮರದ ತುಂಡುಗಳನ್ನು ಮುಂದಿಟ್ಟಾಗ ಒಬ್ಬಳು ಹುಡುಗಿ, ಇದನ್ನ ಮುಟ್ಟಬೋದಾ ಟೀಚರ್ ಎಂದು ಕೇಳಿದಳು. ಅಷ್ಟರಲ್ಲಿ ಅರ್ಧ ನಿಮಿಷ ಓಡಿಹೋಗಿತ್ತು. ಇದ್ದದ್ದೇ ಒಂದು ನಿಮಿಷ.

ಅಂಕಗಳ ಅಂತರ ನೋಡಿ ಪ್ರೊಫೆಸರರು, ಇದು ರಕ್ತದಲ್ಲೇ ಬಂದದ್ದು, ಪರಿಸರದ ಮಾತೆಲ್ಲ ಬರೀ ನೆಪ ಎಂದು ಬರೆದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಕೆಲಸ ಕಾಯಂ ಆಗುವುದರಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ, ಅವರು ನನ್ನನ್ನು ಎಲ್ಲರೆದುರು ಶಿಸ್ತಿನ ಹೆಂಗಸು ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ನನಗೆ ಬೇಕಾಗಿತ್ತು.

ಹುಟ್ಟಿನಿಂದ ಏನೂ ಬರುವುದಿಲ್ಲ ಎಂದು ವಾದಿಸಲು ಹೊರಟಿಲ್ಲ, ಮಾರಾಯ್ತಿ. ನಿನ್ನ ಮೂಗೂ ಮೊಂಡುತನವೂ ನಿನ್ನ ಅಜ್ಜಿಯವೇ. ಆದರೆ ಒಂದು ಮನೆಯೊಳಗೆ ತಾಯಿಯಿಂದ ಮಗಳಿಗೆ ಬಂದದ್ದನ್ನು ಹಿಡಿದುಕೊಂಡು, ಎರಡು ಕೇರಿಗಳ ನಡುವಿನ ಅಂತರಕ್ಕೂ ಅದೇ ಕಾರಣ ಎನ್ನಲಾಗದು. ಅದರಲ್ಲೂ ಅಳೆದವಳು ಎರಡೂ ಕಡೆಯ ಮಕ್ಕಳನ್ನು ಒಂದೇ ರೀತಿ ಅಳೆಯದೇ ಇದ್ದಾಗ.

ಈ ಪತ್ರವನ್ನು ಸಮಿತಿಯ ಮುಂದೆ ಓದು. ಅವರು ನನ್ನನ್ನು ಕರೆಸಿದರೆ ಬರುತ್ತೇನೆ. ಪೇಪರಿನಲ್ಲಿ ಹೆಸರು ಬಂದೀತೆಂದು ಭಯವಿದೆ, ಇಲ್ಲ ಎನ್ನುವುದಿಲ್ಲ. ಆದರೆ ನೀನು ಇನ್ನು ಮುಂದೆ ನನ್ನನ್ನು ಅಮ್ಮಾ ಎನ್ನುವಾಗ ದನಿ ಬೇರೆಯಾಗಿಬಿಟ್ಟರೆ ಏನು ಮಾಡಲಿ ಎಂದೇ ಬೆಳಗಿನಿಂದ ಯೋಚಿಸುತ್ತಿದ್ದೇನೆ.

ನಿನ್ನ ಉತ್ತರಕ್ಕೆ ಹೆದರುತ್ತಲೇ ಕಾಯುವ,
ಅಮ್ಮ

ಮರೆತೆನೆಂದು ಸುಳ್ಳು ಹೇಳುವುದಿಲ್ಲ, ಇದನ್ನು ಬರೆಯಲು ಧೈರ್ಯ ಸಾಲದೆ ಕೊನೆಗಿಟ್ಟೆ. ಪಟ್ಟಣದ ಶಾಲೆಯ ಆ ಮಕ್ಕಳಲ್ಲಿ ನೀನೂ ಇದ್ದೆ, ಏಳು ವರ್ಷದವಳು. ಮೊದಲ ಸಲ ನಿನಗೆ ಬಂದದ್ದು ಎಂಬತ್ತೊಂದು. ಕಾಲೋನಿಯ ಮಕ್ಕಳ ಸರಾಸರಿ ಎಂಬತ್ತನಾಲ್ಕು. ನಿನಗೆ ಜ್ವರವಿತ್ತೆಂದು ಆ ಹಾಳೆ ಹರಿದು, ಹದಿನೈದು ದಿನ ಬಿಟ್ಟು ಮತ್ತೆ ಕೂರಿಸಿದೆ, ನೂರಹನ್ನೆರಡು ಬಂತು. ಆ ಅರವತ್ತು ಮಕ್ಕಳಲ್ಲಿ ಅವತ್ತು ಯಾರಿಗೆ ಜ್ವರವಿತ್ತೋ, ನಾನು ಕೇಳಲೇ ಇಲ್ಲ.