ಮೂರನೇ ಸಲದ ಅಂಕಿ

ನನ್ನ ಮೊಂಡು ಅಣ್ಣನಿಗೆ,

ನೀನು ಮಲಗಿರುವ ಆಸ್ಪತ್ರೆಯ ಮಂಚದ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಎದುರಿಗೇ ಇದ್ದೀಯ, ಆದರೂ ಹೇಳಲು ಬಾಯಿ ಬರುತ್ತಿಲ್ಲ. ಪಾರ್ಶ್ವವಾಯು ಬಡಿದು ಇವತ್ತಿಗೆ ಒಂಬತ್ತು ದಿನ. ಬಲಗೈ, ಬಲಗಾಲು, ಮಾತು, ಎಲ್ಲ ನಿಂತುಹೋಗಿವೆ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇದು ಒಂದು ದಿನದಲ್ಲಿ ಆಗಿದ್ದಲ್ಲಮ್ಮ. ವರ್ಷಗಟ್ಟಲೆ ಟೆನ್ಷನ್, ವರ್ಷಗಟ್ಟಲೆ ಬಿಪಿ. ಮನೇಲಿ ಯಾರೂ ನೋಡ್ಲಿಲ್ವಾ?" ಎಂದರು. ನಾನೂ ನರ್ಸ್ ಎಂದು ಅವರಿಗೆ ಹೇಳಲಿಲ್ಲ.

ನೋಡಿದ್ದೆ ಅಣ್ಣಾ. ನೀನು ಸಿಟಿ ಬಸ್ಸಿನ ಡ್ರೈವರ್ ಆದಾಗಿನಿಂದ, ಹನ್ನೊಂದು ವರ್ಷ ನೋಡಿದ್ದೆ. ಊಟಕ್ಕೆ ಕೂತರೂ ಮೇಜಿನ ಕೆಳಗೆ ನಿನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. "ಇಳೀರಿ, ಲಾಸ್ಟ್ ಸ್ಟಾಪ್ ಬಂತು" ಎಂದು ಅತ್ತಿಗೆ ಗೇಲಿ ಮಾಡುತ್ತಿದ್ದರು. ನಿದ್ದೆಯಲ್ಲಿ ಹಲ್ಲು ಕಡಿದು ಕಡಿದು ಎರಡು ದವಡೆ ಹಲ್ಲು ಸವೆದವು. ನಾಲ್ಕು ನಿಮಿಷ ತಡವಾದರೆ ಟೈಮ್‌ಕೀಪರ್ ಎಲ್ಲರೆದುರು ಮಾನ ಕಳೆಯುತ್ತಾನೆಂದು ನೀನು ನೀರು ಕುಡಿಯದೆ, ಮೂತ್ರ ತಡೆದುಕೊಂಡು ಬಸ್ಸು ಓಡಿಸಿದೆ. ಹೊಟ್ಟೆಯುರಿಗೊಂದು ಮಾತ್ರೆ, ತಲೆನೋವಿಗೊಂದು. ಕೇಳಿದರೆ, "ಈ ಟ್ರಾಫಿಕ್ಕಲ್ಲಿ ಯಾರಿಗೆ ತಲೆ ನೋಯಲ್ಲ ಹೇಳು" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದೆ.

ವರ್ಷಕ್ಕೊಮ್ಮೆ ಡಿಪೋದ ಫಿಟ್‌ನೆಸ್ ಫಾರಂ ಹಿಡಿದು ನಾನಿರುವ ಕ್ಲಿನಿಕ್ಕಿಗೇ ಬರುತ್ತಿದ್ದೆ ನೀನು. ಮೊದಲ ಸಲ ನೋಡಿದಾಗ ಬಿಪಿ ನೂರ ಎಪ್ಪತ್ತು. ನೀನು ಒಂದು ಬೆರಳೆತ್ತಿ, "ಇನ್ನೊಂದ್ಸಲ ನೋಡೇ" ಅನ್ನುತ್ತಿದ್ದೆ. ನಾನು ನಿನ್ನನ್ನು ಫ್ಯಾನಿನ ಕೆಳಗೆ ಕೂರಿಸಿ, ಚಿಕ್ಕವರಿದ್ದಾಗ ಸೈಕಲ್ಲಿನಿಂದ ನನ್ನನ್ನು ಕೆಸರಿಗೆ ಕೆಡವಿದ ಕಥೆ ತೆಗೆದು ನಗಿಸುತ್ತಿದ್ದೆ. ಮೂರನೇ ಸಲಕ್ಕೆ ನೂರ ಮೂವತ್ತೆಂಟು, ಪಾಸಾಗುವಷ್ಟು. ಪ್ರತಿ ವರ್ಷವೂ ನಾನು ಫಾರಮ್ಮಿನಲ್ಲಿ ಅದನ್ನೇ ಬರೆದೆ. ಸ್ಟೀರಿಂಗ್ ಕಿತ್ತುಕೊಂಡರೆ ನೀನು ಬದುಕುವುದಿಲ್ಲ ಅಂದುಕೊಂಡೆ. ನಿನ್ನ ಜೊತೆ ಬಸ್ಸಿನ ತುಂಬ ಜನರೂ ಇದ್ದರು, ಅವರನ್ನು ನೆನೆಯಲೇ ಇಲ್ಲ. ನನ್ನೆದುರು ನಕ್ಕ ಆ ಹತ್ತು ನಿಮಿಷ ಮಾತ್ರ ನಿನ್ನ ಮೈ ಸುಮ್ಮನಿರುತ್ತಿತ್ತು. ಉಳಿದ ಇಡೀ ವರ್ಷವನ್ನು ನಾನು ಯಾವ ಫಾರಮ್ಮಿನಲ್ಲೂ ಬರೆಯಲಿಲ್ಲ.

ಇವತ್ತು ಬೆಳಿಗ್ಗೆ ವಾರ್ಡಿನ ನರ್ಸ್ ನಿನ್ನ ತೋಳಿಗೆ ಬಿಪಿ ನೋಡುವ ಪಟ್ಟಿ ಸುತ್ತಿದಳು. ನೂರ ಎಂಬತ್ತಾರು. ನೀನು ನನ್ನತ್ತ ಕಣ್ಣು ಹೊರಳಿಸಿ, ಎಡಗೈಯ ಒಂದು ಬೆರಳನ್ನು ಎತ್ತಿದೆ.

"ಏನ್ ಕೇಳ್ತಿದ್ದಾರೆ ಇವ್ರು?" ಎಂದಳು ಅವಳು.

"ಏನಿಲ್ಲ, ಬರ್ಕೊಳ್ಳಿ" ಅಂದೆ.

ನೀನು ಬೆರಳು ಇಳಿಸಲಿಲ್ಲ. ಕೊನೆಗೆ ನಾನೇ ಹಿಡಿದು ಇಳಿಸಿದೆ.

ನನ್ನನ್ನು ಬೈಯುವಷ್ಟಾದರೂ ಮಾತು ನಿನಗೆ ಮರಳಿ ಬರಲಿ ಅಣ್ಣಾ.

ನಿನ್ನ ಮಾತು ಮೀರದ ತಂಗಿ