ಆಚೆ ದಡದ ಕಾನೂನು

ಅಕ್ಕಾ,

ಮೊದಲು ಕೈಲಿರುವ ಕೆಲಸ ಬಿಟ್ಟು ಕುಳಿತುಕೋ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ "ಆಯ್ತು ಬಿಡೇ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆದು ಭಾವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಹೋದ ವಿಚಾರಣೆ ನೆನಪಿದೆ ತಾನೇ? ನದಿಯಾಚೆಯ ದೇಶದ ಬಣ್ಣದ ಕಾರ್ಖಾನೆ ಬಿಟ್ಟ ನೀರಿಗೆ ಈಚೆ ದಡದ ನಿನ್ನ ನರ್ಸರಿಯ ಒಂಬತ್ತು ಸಾವಿರ ಸಸಿ ಮೂರೇ ದಿನದಲ್ಲಿ ಸುಟ್ಟುಹೋದವು. ನಮಗೂ ಅವರಿಗೂ ಕರಾರಿಲ್ಲ, ಕಾಗದವಿಲ್ಲ, ಮುಖಪರಿಚಯವೂ ಇಲ್ಲ. ಹಾಗಾದರೆ ಯಾವ ದೇಶದ ಕಾನೂನಿನಂತೆ ತೀರ್ಪು ಎಂದು ನ್ಯಾಯಾಧೀಶರು ಕೇಳಿದರು. ನೀನು ಎದ್ದು ನಿಂತು, "ನಮ್ಮ ಮಣ್ಣಲ್ಲಿ ಆದ ಅನ್ಯಾಯಕ್ಕೆ ಅವರ ಕಾನೂನು ಯಾಕೆ ಸ್ವಾಮಿ, ನಮ್ಮದೇ ಇರ್ಲಿ" ಎಂದೆ. ಕಾರ್ಖಾನೆಯ ವಕೀಲ ಕೂಡಲೇ ಒಪ್ಪಿಕೊಂಡ. ಎದುರಾಳಿ ಅಷ್ಟು ಸಲೀಸಾಗಿ ತಲೆಯಾಡಿಸಿದಾಗಲೇ ನನಗೆ ಅನುಮಾನ ಬರಬೇಕಿತ್ತು. ನಾವಿಬ್ಬರೂ ಗೆದ್ದವರ ಹಾಗೆ ಬೀಗುತ್ತಾ ಹೊರಗೆ ಬಂದೆವು, ಪೆದ್ದಿಗಳು.

ಹನ್ನೊಂದು ವರ್ಷ ನಮ್ಮ ವಕೀಲರ ಆಫೀಸಿನಲ್ಲಿ ಕಂಡವರ ಅರ್ಜಿ ಟೈಪ್ ಮಾಡಿದವಳು, ನಿನ್ನೆ ನಮ್ಮ ಕೇಸಿಗಾಗಿ ಕಾನೂನು ಪುಸ್ತಕ ಬಿಡಿಸಿದೆ. ಗಡಿ ದಾಟಿ ಬಂದ ಹಾನಿಗೆ ಸಾಮಾನ್ಯವಾಗಿ ಹಾನಿಯಾದ ಜಾಗದ ಕಾನೂನು. ಆದರೆ ನೀರು, ಮಣ್ಣು ಕೆಟ್ಟಿದ್ದರೆ, ಕೆಡುಕು ಹೊರಟ ಜಾಗದ ಕಾನೂನನ್ನೂ ಆರಿಸಿಕೊಳ್ಳಬಹುದಂತೆ. ಆರಿಸುವ ಹಕ್ಕು ನೊಂದವರಿಗೆ ಮಾತ್ರ. ಪುಸ್ತಕ ಎತ್ತಿಕೊಂಡು ವಕೀಲರ ಕೋಣೆಗೆ ಓಡಿದೆ. ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ, "ಅಲ್ಲಮ್ಮಾ, ಇದು ನನ್ನ ಕಣ್ಣಿಗೆ ಹೇಗೆ ಬೀಳ್ಲಿಲ್ಲ?" ಎಂದರು. ಸಂಬಳ ಕೊಡುವವರು ಪಾಪ, ಪುಟಕ್ಕೆ ಗುರುತಿಟ್ಟು ಕೊಟ್ಟು ಬಂದೆ.

ನಮ್ಮ ಕಾನೂನಿನಂತೆ ಕಾರ್ಖಾನೆಯವರು ಎಚ್ಚರಿಕೆ ವಹಿಸಲಿಲ್ಲವೆಂದು ನಾವೇ ಸಾಬೀತು ಮಾಡಬೇಕು. ಗೇಟಿನೊಳಗೇ ಬಿಡದವರ ತಪ್ಪನ್ನು ಎಲ್ಲಿ ಹುಡುಕುವುದು? ಅವರ ಕಾನೂನಿಗೆ ಅದೆಲ್ಲ ಬೇಡ. ವಿಷ ಅವರದು, ಸಸಿ ಸತ್ತದ್ದು ಅದರಿಂದ ಎಂದು ತೋರಿಸಿದರೆ ಸಾಕು, ನೀರಿನ ವರದಿ ನಮ್ಮ ಹತ್ತಿರವೇ ಇದೆ. ಅವರ ದೇಶದ ಕಾನೂನೇ ಅವರಿಗೆ ನುಂಗಲಾರದ ತುತ್ತು. ನೀನು ಬಾಯಲ್ಲಿ ಹೇಳಿದ್ದು ಇನ್ನೂ ದಾಖಲಾಗಿಲ್ಲ. ಅವರ ಕಾನೂನೇ ಬೇಕೆಂದು ಸೋಮವಾರದೊಳಗೆ ಬರವಣಿಗೆಯಲ್ಲಿ ಕೊಟ್ಟರಾಯಿತು.

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ಗೊಬ್ಬರ ಜಾಸ್ತಿ ಹಾಕಿ ಸಸಿಗಳನ್ನ ಇವಳೇ ಕೊಂದಳು ಎಂದು ಊರೆಲ್ಲ ಆಡಿತು. ಕೊನೆಗೆ ನೀನೂ "ನನ್ನ ಕೈಗುಣಾನೇ ಹೋಯ್ತೇನೋ ಕಣೇ" ಎಂದು ಟ್ರೇಗಳನ್ನೆಲ್ಲ ಬೋರಲು ಹಾಕಿದೆ. ಒಂದೂವರೆ ವರ್ಷದಿಂದ ಒಂದು ಬೀಜವನ್ನೂ ಊರಿಲ್ಲ. ಇದನ್ನು ಹೇಗೆ ಹೇಳಲಿ ಅಕ್ಕಾ, ಒಂದು ದಿನ ನಾನೂ ನಿನ್ನನ್ನು ಅನುಮಾನಿಸಿದ್ದೆ. ನಿನ್ನ ಮುಂದೆ ಹೇಳುವ ಧೈರ್ಯವಿರಲಿಲ್ಲ.

ಇದರ ಜೊತೆಗಿರುವ ಕಾಗದದಲ್ಲಿ ಎಲ್ಲ ಟೈಪ್ ಮಾಡಿದ್ದೇನೆ, ಯಾವ ದೇಶದ ಕಾನೂನು ಬೇಕೆಂಬ ಹೆಸರೊಂದನ್ನು ಬಿಟ್ಟು. ಅದನ್ನು ನೀನೇ ಬರೆಯಬೇಕು. ಸಹಿ ಹಾಕುವ ಜಾಗದ ಕೆಳಗೆ 'ನೊಂದವರು' ಎಂದಿದೆ, ನೋಡು. ಇಷ್ಟು ದಿನದಲ್ಲಿ ನಿನ್ನನ್ನು ಹಾಗೆ ಕರೆದವರು ಒಬ್ಬರೂ ಇರಲಿಲ್ಲ. ನಾನೂ ಕರೆದಿರಲಿಲ್ಲ.

ಸೋಮವಾರ ಕೋರ್ಟಿನ ಮೆಟ್ಟಿಲ ಬಳಿ ಕಾಯುತ್ತಿರುತ್ತೇನೆ. ನಿನ್ನ ಕೈಗುಣ ಎಲ್ಲಿಗೂ ಹೋಗಿಲ್ಲ ಅಕ್ಕಾ, ಆ ಕೈ ತಣ್ಣಗಿರಲಿ.

ನಿನ್ನ ಬಾಯಿಬಡುಕಿ ತಂಗಿ